ಬಾನ್ ನಗರದಲ್ಲಿ ಮನಿಲಾದ ಸೆಕೆ

ಬಿದಿರು ಕಡಿದು ಮನೆಗೆ ತಂದವರಿಗೆಲ್ಲ ಕುಟ್ಟೆಯ ಭಯ ಗೊತ್ತು. ಗಳ ಹೊರಗಿನಿಂದ ಹಸನಾಗಿಯೇ ಕಾಣುತ್ತಿರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಅದರ ಕೆಳಗೆ ನೆಲದ ಮೇಲೆ ನುಣ್ಣನೆ ಹಿಟ್ಟು ಉದುರಿರುತ್ತದೆ. ಒಳಗಿನ ಪಿಷ್ಟದ ರುಚಿಗೆ ಹುಳು ಹೊಕ್ಕಾಗಿರುತ್ತದೆ. ಅದಕ್ಕೇ ನಮ್ಮ ಮಲೆನಾಡಿನಲ್ಲಿ ಅಮಾವಾಸ್ಯೆಯ ಆಸುಪಾಸು ನೋಡಿ ಕಡಿಯುತ್ತಾರೆ, ಕಡಿದದ್ದನ್ನು ಹಳ್ಳದಲ್ಲಿ ನೆನೆಹಾಕುತ್ತಾರೆ. ಫಿಲಿಪೀನ್ಸ್‌ನ ಲಾಸ್ ಪಿನ್ಯಾಸ್ ಎಂಬ ಕಡಲೂರಿನಲ್ಲಿ 1816ರಲ್ಲಿ ದಿಯೆಗೊ ಸೆರಾ ಎಂಬ ಸ್ಪೇನ್ ದೇಶದ ಪಾದ್ರಿ ಇನ್ನೊಂದು ದಾರಿ ಹಿಡಿದ. ಕಡಿಸಿದ ಬಿದಿರನ್ನೆಲ್ಲ ದಂಡೆಯ ಮರಳಿನಲ್ಲಿ ಹೂಳಿಸಿ ತಿಂಗಳುಗಟ್ಟಲೆ ಹಾಗೇ ಬಿಟ್ಟ. ಹುಳು ಹಿಡಿಯುವುದಿದ್ದರೆ ಅಲ್ಲೇ ಹಿಡಿಯಲಿ, ಕೆಡುವುದಿದ್ದರೆ ಅಲ್ಲೇ ಕೆಡಲಿ, ಗಟ್ಟಿಯಾಗಿ ಉಳಿದದ್ದಷ್ಟೇ ನನಗೆ ಸಾಕು ಎನ್ನುವ ಲೆಕ್ಕ. ಹಾಗೆ ಉಳಿದ ಬಿದಿರಿನಿಂದ ಅವನು ತನ್ನ ಚರ್ಚಿಗೆ ಪೈಪ್ ಆರ್ಗನ್ ಕಟ್ಟಿದ. ಅದು ಈಗಲೂ ನುಡಿಯುತ್ತಿದೆ.

ಆ ವಾದ್ಯದಲ್ಲಿ 1,031 ಕೊಳವೆಗಳಿವೆ. 902 ಬಿದಿರಿನವು, 129 ಲೋಹದವು. ಸೇಂಟ್ ಜೋಸೆಫ್ ಚರ್ಚಿಗೆ ಬರುವ ಪ್ರವಾಸಿಗರಿಗೆ ಮೊದಲು ಸಿಗುವ ಮಾಹಿತಿ ಈ ಲೆಕ್ಕವೇ. ಅದನ್ನು ಕೇಳಿ ಒಂದಷ್ಟು ಫೋಟೊ ತೆಗೆದು ಹೋಗುವವರೇ ಹೆಚ್ಚು. ಬಿದಿರಿನ ಆರ್ಗನ್ ಎಂದ ಕೂಡಲೇ ಅದೊಂದು ಕೌತುಕದ ವಸ್ತುವಾಗಿಬಿಡುತ್ತದೆ. ಹೇಗೆ ನುಡಿಯುತ್ತದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ನನಗೆ ಈ ವಾದ್ಯದ ಮೇಲೆ ಮೋಹ ಹುಟ್ಟಿದ್ದು ಧ್ವನಿಮುದ್ರಿಕೆಗಳನ್ನು ಕೇಳಿ. ಕಿವಿಯಿಂದ ಒಳಗೆ ಹೋದವನಿಗೆ 902 ಎಂಬ ಅಂಕಿ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಉಳಿದ 129ರ ಕತೆಯೇ ಹೆಚ್ಚು ರುಚಿಯದು.

ಅದಕ್ಕೆ ಮೊದಲು ಒಂದೆರಡು ಮಾತು ಈ ವಾದ್ಯದ ಒಳಗಿನ ಬಗ್ಗೆ. ಹಾರ್ಮೋನಿಯಂ ಕಂಡವರಿಗೆ, ಅದರಲ್ಲೂ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಕಂಡ ಹಿರಿಯರಿಗೆ, ಅರ್ಧ ಆರ್ಗನ್ ಆಗಲೇ ಗೊತ್ತಿದೆ. ತಿದಿ ಗಾಳಿ ತುಂಬುತ್ತದೆ, ಗಾಳಿ ಒಂದು ಮರದ ಪೆಟ್ಟಿಗೆಯಲ್ಲಿ ಒತ್ತಡದಲ್ಲಿ ಕಾಯುತ್ತದೆ, ಕೀ ಒತ್ತಿದರೆ ಅದಕ್ಕೆ ಸೇರಿದ ಕವಾಟ ತೆರೆದು ಗಾಳಿ ನುಗ್ಗುತ್ತದೆ. ಹಾರ್ಮೋನಿಯಂನಲ್ಲಿ ಆ ಗಾಳಿ ಹಿತ್ತಾಳೆಯ ರೀಡನ್ನು ಅಲುಗಿಸುತ್ತದೆ. ಆರ್ಗನ್‌ನಲ್ಲಿ ಬಹುಪಾಲು ಕೊಳವೆಗಳ ಬುಡಕ್ಕೆ ಹೋಗಿ, ಸೀಳಿದ ಬಾಯಿಯ ತುಟಿಗೆ ಬಡಿದು, ಕೊಳಲಿನ ರೀತಿಯಲ್ಲೇ ನಾದವಾಗುತ್ತದೆ. ಕೊಳಲಿನ ಒಂದೇ ಬಿದಿರಿನಲ್ಲಿ ಬೆರಳುಗಳು ಸಪ್ತಸ್ವರವನ್ನೂ ಹುಡುಕುತ್ತವೆ. ಇಲ್ಲಿ ಒಂದು ಕೊಳವೆಗೆ ಒಂದೇ ಸ್ವರ, ಅದರ ಜನ್ಮಕ್ಕೆಲ್ಲ ಅಷ್ಟೇ. ಗಮಕವಿಲ್ಲ, ಮೀಂಡ್ ಇಲ್ಲ. ನಮ್ಮ ಕಿವಿಗೆ ಇದು ಮೊದಲು ಬಡತನವೆಂದೇ ತೋರೀತು. ಆದರೆ ಒಂದು ಕೀಗೆ ಹತ್ತಾರು ಕೊಳವೆಗಳು ಸೇರಿಕೊಂಡಿರುತ್ತವೆ: ಒಂದು ಮಂದ್ರದ್ದು, ಒಂದು ಅದರ ತಾರದ್ದು, ಒಂದು ಪಂಚಮದ್ದು. ಕೀಲಿಮಣೆಯ ಪಕ್ಕದ 'ಸ್ಟಾಪ್' ಎಂಬ ಹಿಡಿಗಳನ್ನು ಎಳೆದು ಯಾವ ಸಾಲು ನುಡಿಯಬೇಕು, ಯಾವುದು ಸುಮ್ಮನಿರಬೇಕು ಎಂದು ನುಡಿಸುವವರು ತೀರ್ಮಾನಿಸುತ್ತಾರೆ. ಸ್ವರವನ್ನು ಬಾಗಿಸುವ ಅವಕಾಶ ಇಲ್ಲಿಲ್ಲ, ಆದರೆ ಸ್ವರದ ಬಣ್ಣವನ್ನು ಬೆರೆಸುವ ಅವಕಾಶ ಬೇಕಾದಷ್ಟಿದೆ. ಆರ್ಗನ್ ಕೇಳುವ ಸುಖ ಅಲ್ಲಿದೆ.

ಇನ್ನು ಬಿದಿರಿಗೆ ಬರೋಣ. ಕೊಳವೆಯ ಗೋಡೆ ಯಾವುದರದ್ದು ಎನ್ನುವುದಕ್ಕಿಂತ ಒಳಗಿನ ಅಳತೆ, ಬಾಯಿಯ ಅಗಲ, ತುಟಿಯ ಎತ್ತರ ಮುಖ್ಯವೆಂದು ನಾದಶಾಸ್ತ್ರ ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ಬಿದಿರಿನ ವಿಶೇಷವೇನು? ನನಗೆ ತೋಚುವ ಉತ್ತರ ಇದು. ತವರ, ಸೀಸ ಬೆರೆಸಿ ಕೊಳವೆ ಮಾಡುವವನು ತನಗೆ ಬೇಕಾದ ಸುತ್ತಳತೆಗೆ ತಗಡನ್ನು ಸುತ್ತುತ್ತಾನೆ. ಸಾಲಿನ ಮೊದಲ ಕೊಳವೆಯಿಂದ ಕೊನೆಯದರವರೆಗೆ ಅಳತೆ ಒಂದು ಲೆಕ್ಕದಲ್ಲಿ ಇಳಿಯುತ್ತ ಹೋಗುತ್ತದೆ. ಬಿದಿರಿನಲ್ಲಿ ಸುತ್ತಳತೆಯನ್ನು ತೀರ್ಮಾನಿಸುವುದು ಮೆಳೆ. ಎಷ್ಟೇ ಹುಡುಕಿ ಆರಿಸಿದರೂ ಪಕ್ಕಪಕ್ಕದ ಎರಡು ಕೊಳವೆಗಳ ಒಡಲು ಒಂದೇ ಲೆಕ್ಕಕ್ಕೆ ಸಿಗುವುದಿಲ್ಲ, ಅಚ್ಚುಕಟ್ಟಾದ ದುಂಡಗೂ ಇರುವುದಿಲ್ಲ. ಹಾಗಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗ ನಾದದ ಮೈ ಕೊಂಚ ಬದಲಾಗುತ್ತದೆ. ಒಂದು ತುಸು ಗುಂಡಗೆ, ಮುಂದಿನದು ತುಸು ಉಸಿರು ಬೆರೆತದ್ದು. ಪ್ರತಿ ಸ್ವರ ಹುಟ್ಟುವ ಕ್ಷಣದಲ್ಲಿ ಗಾಳಿ ತುಟಿಗೆ ತಾಗಿದ ಸಣ್ಣ ಸದ್ದೊಂದು ಕೇಳುತ್ತದೆ; ನಾದ ಅದರ ಬೆನ್ನಿಗೇ ಬರುತ್ತದೆ. ನಿಧಾನವಾದ ರಚನೆಯನ್ನು ಮೃದುವಾದ ಒಂದೇ ಸಾಲಿನಲ್ಲಿ ನುಡಿಸಿದಾಗ ಈ ಏರುಪೇರು ಎಷ್ಟು ಚೆನ್ನಾಗಿ ಕೇಳುತ್ತದೆಂದರೆ, ಅದೇ ರಚನೆಯನ್ನು ಮತ್ತೆ ನುಣುಪಾದ ಯೂರೋಪಿನ ಆರ್ಗನ್‌ನಲ್ಲಿ ಕೇಳಿದರೆ ಏನೋ ಕಳೆದುಹೋದ ಹಾಗಾಗುತ್ತದೆ.

ಸೆರಾ ಹುಟ್ಟಿದ್ದು 1762ರಲ್ಲಿ, ಸ್ಪೇನಿನ ಅರಾಗೊನ್ ಪ್ರಾಂತ್ಯದ ಗ್ರಾಉಸ್ ಎಂಬ ಊರಿನಲ್ಲಿ. 1792ರಲ್ಲಿ ಫಿಲಿಪೀನ್ಸ್‌ಗೆ ಬಂದ, 1795ರಲ್ಲಿ ಲಾಸ್ ಪಿನ್ಯಾಸ್‌ನ ಪಾದ್ರಿಯಾದ, 1832ರಲ್ಲಿ ತೀರಿಕೊಂಡ. ಈಗ ಮನಿಲಾ ಮಹಾನಗರದೊಳಗೆ ಸೇರಿಹೋಗಿರುವ ಊರು ಆಗ ಸಣ್ಣದು. ಅಲ್ಲಿನ ಕಲ್ಲಿನ ಚರ್ಚನ್ನು ಕಟ್ಟಿಸಿದವನೂ ಅವನೇ. ಆರ್ಗನ್ ಕಟ್ಟುವುದು ಅವನಿಗೆ ಹೊಸದಾಗಿರಲಿಲ್ಲ, ಬೇರೆ ಚರ್ಚುಗಳಿಗೂ ಕಟ್ಟಿಕೊಟ್ಟಿದ್ದ. ಸುತ್ತಮುತ್ತ ಹೇರಳವಾಗಿ ಸಿಗುವ ಬಿದಿರು, ಅದನ್ನು ಕೊಯ್ದು ಹೊಂದಿಸುವುದರಲ್ಲಿ ಪಳಗಿದ ಊರಿನ ಕೈಗಳು ಇರುವಾಗ ಲೋಹಕ್ಕೆ ಯಾಕೆ ಒದ್ದಾಡಬೇಕು ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

1821ರ ಹೊತ್ತಿಗೆ ವಾದ್ಯ ನುಡಿಸುವ ಹದಕ್ಕೆ ಬಂದಿತ್ತು. ಒಂದು ಕೊರತೆ ಉಳಿದಿತ್ತು: ಕಹಳೆಗಳು. ಸ್ಪೇನಿನ ಆರ್ಗನ್‌ಗಳನ್ನು ದೂರದಿಂದಲೇ ಗುರುತಿಸಬಹುದು. ಅವುಗಳ ಮುಖದಿಂದ ಲೋಹದ ಕಹಳೆಗಳ ಸಾಲು ಅಡ್ಡಡ್ಡವಾಗಿ, ಕೆಳಗೆ ನಿಂತ ಭಕ್ತರ ತಲೆಯ ಮೇಲೆ ಚಾಚಿಕೊಂಡಿರುತ್ತದೆ. ಮಿಕ್ಕ ದೇಶಗಳಲ್ಲಿ ಕೊಳವೆಗಳು ಪೆಟ್ಟಿಗೆಯೊಳಗೆ ನೆಟ್ಟಗೆ ನಿಂತು ಮೇಲಕ್ಕೆ ಹಾಡಿದರೆ ಇವು ನೇರ ಮುಖಕ್ಕೆ ಊದುತ್ತವೆ. ಇವುಗಳ ಬುಡದಲ್ಲಿ ತುಟಿಯಿಲ್ಲ, ಹಿತ್ತಾಳೆಯ ನಾಲಗೆ ಇದೆ. ಅದು ಗಾಳಿಗೆ ಪಟಪಟನೆ ಬಡಿದು ಹುಟ್ಟಿಸಿದ ಸದ್ದಿಗೆ ಮುಂದಿನ ಕಹಳೆ ಮೈ ಕೊಡುತ್ತದೆ. ಅರಾಗೊನ್‌ನವನಿಗೆ ಈ ಸದ್ದಿಲ್ಲದ ಆರ್ಗನ್ ಆರ್ಗನ್ನೇ ಅಲ್ಲ. ಆದರೆ ಬಿದಿರಿನಿಂದ ಆ ಮೊನಚು ಬರುವುದಿಲ್ಲ. ಸೆರಾ ಕೊನೆಗೆ ಬಿದಿರಿನ ಹಠ ಬಿಟ್ಟ. ಕಹಳೆಗಳನ್ನು ಲೋಹದಲ್ಲೇ ಮಾಡಿ ಕೂರಿಸಿದ. ಅದು ಮುಗಿದದ್ದು 1824ರಲ್ಲಿ.

ಈ ಮೂರು ವರ್ಷಗಳ ಬಗ್ಗೆ ನನಗೆ ವಿಶೇಷ ಗೌರವ. ಪೂರ್ತಿ ಬಿದಿರಿನಿಂದಲೇ ಮಾಡಿದ ಆರ್ಗನ್ ಎಂದು ಹೇಳಿಕೊಳ್ಳುವ ಹೆಮ್ಮೆ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಸಾಧಾರಣ ಜಾಣನಾಗಿದ್ದರೆ ಬಿದಿರಿಗೇ ಹೇಗಾದರೂ ಕಹಳೆಯ ವೇಷ ಹಾಕಿಸಿ, ನೋಡಿ ಎಂದು ತೋರಿಸುತ್ತಿದ್ದ. ಸೆರಾನ ಕಿವಿ ಒಪ್ಪಲಿಲ್ಲ. ಈಗ ಆ ವಾದ್ಯದ ಮುಂದೆ ನಿಂತರೆ ಹಿಂದೆ ಹೊಗೆಹಳದಿ ಬಣ್ಣದ ಬಿದಿರುಗಳು, ಮೈಮೇಲೆ ಗೆಣ್ಣುಗಳ ಗೆರೆ ಹಾಗೇ ಉಳಿಸಿಕೊಂಡು ಸಾಲಾಗಿ ನಿಂತಿವೆ. ಅವುಗಳ ನಡುವಿನಿಂದ ಕಹಳೆಗಳು ಮುಂದಕ್ಕೆ ಚಾಚಿವೆ. ಒಂದರ ಸ್ವಭಾವ ಒಳಕ್ಕೆ ಎಳೆದುಕೊಳ್ಳುವುದು, ಇನ್ನೊಂದರದ್ದು ಹೊರಕ್ಕೆ ಎಸೆಯುವುದು. ಈ ಜಗಳವೇ ಅದರ ಶಬ್ದಸಂಪತ್ತು.

ವಾದ್ಯದಲ್ಲಿ ಎರಡು ಆಟಿಕೆಗಳೂ ಇವೆ. ಒಂದರ ಹೆಸರು ಪಾಹರಿತೋಸ್, ಹಕ್ಕಿಮರಿಗಳು. ಸ್ಪೇನಿನ ಆರ್ಗನ್‌ಗಳಲ್ಲಿ ಇಂಥ ಹಕ್ಕಿಗಳನ್ನು ಮಾಡುವ ಬಗೆ ಸರಳ: ಚಿಕ್ಕ ಕೊಳವೆಗಳ ತುದಿಯನ್ನು ನೀರಿನಲ್ಲಿ ಅದ್ದಿಡುತ್ತಾರೆ, ಗಾಳಿ ಬಿಟ್ಟರೆ ಚಿಲಿಪಿಲಿ. ಇನ್ನೊಂದು ತಂಬೋರ್, ನಗಾರಿ. ಶ್ರುತಿಯಲ್ಲಿ ಒಂದಕ್ಕೊಂದು ತುಸು ತಪ್ಪಿಸಿಟ್ಟ ಮಂದ್ರದ ಕೊಳವೆಗಳನ್ನು ಒಟ್ಟಿಗೆ ನುಡಿಸಿದರೆ ಎರಡೂ ಒಂದರೊಡನೊಂದು ಬಡಿದಾಡಿ ಗುಡುಗುಡು ಎನ್ನುತ್ತವೆ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಕೂಡುವ ಮುನ್ನ ಕೇಳುವ ಅಲೆ ಇದೆಯಲ್ಲ, ನಾವು ಹೋಗಲಾಡಿಸಲು ಶ್ರಮಪಡುವ ಅದೇ ಅಲೆಯನ್ನು ಇಲ್ಲಿ ಬೇಕೆಂದೇ ಇಟ್ಟುಕೊಂಡಿದ್ದಾರೆ.

ಆಮೇಲಿನ ನೂರೈವತ್ತು ವರ್ಷಗಳದ್ದು ಬೇಸರದ ಕತೆ, ಬೇಗ ಮುಗಿಸುತ್ತೇನೆ. 1880ರ ಭೂಕಂಪ. 1882ರ ಚಂಡಮಾರುತ, ಚರ್ಚಿನ ಮಾಡು ಹಾರಿಹೋಗಿ ವಾದ್ಯ ಮಳೆಗೆ ಬಿತ್ತು. ಬಿಚ್ಚಿಟ್ಟ ಕೊಳವೆಗಳು ಚರ್ಚಿನ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. 20ನೇ ಶತಮಾನದ ಎರಡನೇ ದಶಕದಲ್ಲಿ ಬೆಲ್ಜಿಯಂ ಮೂಲದ ಮಿಷನರಿ ಪಾದ್ರಿಗಳು ಅವನ್ನು ಹೊರತೆಗೆದು ಸಾಧ್ಯವಾದಷ್ಟು ಜೋಡಿಸಿದರು. 1945ರಲ್ಲಿ ಮನಿಲಾ ನಗರವೇ ನೆಲಸಮವಾದಾಗಲೂ ಇದು ಉಳಿಯಿತು. ಉಳಿದದ್ದು ನಿಜ, ಆದರೆ ಅರ್ಧ ಮೂಕವಾಗಿ. ನೋಡಲು ಬರುವವರಿದ್ದರು, ಕೇಳಲು ಹೆಚ್ಚೇನೂ ಇರಲಿಲ್ಲ.

1970ರ ದಶಕದ ಮೊದಲಲ್ಲಿ ಅಲ್ಲಿ ಪಾದ್ರಿಯಾಗಿದ್ದ ಮಾರ್ಕ್ ಲೆಸಾಜ್ ಅವರ ಕಾಲದಲ್ಲಿ ವಾದ್ಯವನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ನಿರ್ಧಾರವಾಯಿತು. ಕೆಲಸ ಹೋದದ್ದು ಜರ್ಮನಿಯ ಬಾನ್ ನಗರದ ಯೊಹಾನೆಸ್ ಕ್ಲೈಸ್ ಕಾರ್ಖಾನೆಗೆ. 1882ರಲ್ಲಿ, ಅಂದರೆ ಲಾಸ್ ಪಿನ್ಯಾಸ್‌ನಲ್ಲಿ ಮಾಡು ಹಾರಿದ ವರ್ಷವೇ, ಶುರುವಾದ ಮನೆತನ ಅದು. ಬಿದಿರಿನ ಕೊಳವೆಗಳು ಜಪಾನಿನ ಆರ್ಗನ್ ತಯಾರಕ ಹಿರೋಶಿ ತ್ಸುಜಿ ಅವರ ಕೈಗೆ ಹೋದವು. ಬಿದಿರಿನ ಮನಸ್ಸು ತಿಳಿದ ದೇಶಕ್ಕೆ ಬಿದಿರು, ಕಹಳೆಯ ನಾಲಗೆ ತಿಳಿದ ದೇಶಕ್ಕೆ ಲೋಹ. ಹಂಚಿಕೆಯಲ್ಲೇ ಒಂದು ವಿವೇಕವಿದೆ. ಸೆರಾ 1821ರ ನಂತರ ಮಾಡಿದ ಹಂಚಿಕೆಯೂ ಇದೇ ತಾನೆ.

ಬಾನ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಜೋಡಿಸುವಾಗ ಎದುರಾದ ತೊಡಕು ಹವೆಯದು. ಕಡಲ ತೇವ, ವರ್ಷವಿಡೀ ಸೆಕೆ ಕುಡಿದು ಬೆಳೆದ ಬಿದಿರು ಮತ್ತು ಮರ ಜರ್ಮನಿಯ ಚಳಿಗಾಲದ ಒಣಗಾಳಿಗೆ ಸಿಕ್ಕರೆ ಬಿರಿಯುತ್ತವೆ. ಗಾಳಿಪೆಟ್ಟಿಗೆಯ ಹಲಗೆಯಲ್ಲಿ ಕೂದಲೆಳೆಯ ಸೀಳು ಬಿದ್ದರೂ ಸಾಕು, ಒಂದು ಸ್ವರದ ಗಾಳಿ ಪಕ್ಕದ ಕೊಳವೆಗೆ ಸೋರಿ ಕರೆಯದವನೂ ಗುನುಗತೊಡಗುತ್ತಾನೆ. ಆದ್ದರಿಂದ ಕ್ಲೈಸ್‌ನವರು ಕಾರ್ಖಾನೆಯೊಳಗೆ ಒಂದು ಕೋಣೆಯನ್ನು ಪ್ರತ್ಯೇಕಿಸಿ ಅದರಲ್ಲಿ ಫಿಲಿಪೀನ್ಸ್‌ನ ಶಾಖ, ತೇವವನ್ನೇ ತುಂಬಿದರು. ಹೊರಗೆ ರೈನ್ ನದಿಯ ಚಳಿ; ಒಳಗೆ ಮನಿಲಾದ ಸೆಕೆಯಲ್ಲಿ ಬೆವರುತ್ತ ಜರ್ಮನ್ ಕುಶಲಕರ್ಮಿಗಳ ಕೆಲಸ. ಈ ಚಿತ್ರವನ್ನು ನೆನೆದಾಗಲೆಲ್ಲ ನನಗೆ ನಗು, ಗೌರವ ಎರಡೂ ಬರುತ್ತವೆ. ವಾದ್ಯವನ್ನು ತಮ್ಮ ಹವೆಗೆ ಒಗ್ಗಿಸದೆ ತಾವೇ ಅದರ ಹವೆಗೆ ಒಗ್ಗಿಕೊಂಡರಲ್ಲ!

ಆ ಸೆಕೆ ಬಿರುಕು ತಪ್ಪಿಸುವುದಕ್ಕೆ ಮಾತ್ರವಲ್ಲ, ಶ್ರುತಿಗೂ ಬೇಕಿತ್ತು. ಗಾಳಿ ಬಿಸಿಯಾದಂತೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಳವೆಯ ಸ್ವರ ಏರುತ್ತದೆ. ಒಂದು ಡಿಗ್ರಿಗೆ ಏರುವುದು ತೀರ ಸ್ವಲ್ಪ, ಸ್ವರಾರ್ಧದ ನೂರು ಪಾಲಿನಲ್ಲಿ ಸುಮಾರು ಮೂರು ಪಾಲು. ಆದರೆ 18 ಡಿಗ್ರಿಯ ಕೋಣೆಯಲ್ಲಿ ಶ್ರುತಿ ಮಾಡಿ 30 ಡಿಗ್ರಿಯ ಚರ್ಚಿಗೆ ಒಯ್ದರೆ ವ್ಯತ್ಯಾಸ ಮೂವತ್ತೈದು ಪಾಲು ಮುಟ್ಟುತ್ತದೆ. ನಮ್ಮ ಇಪ್ಪತ್ತೆರಡು ಶ್ರುತಿಗಳ ಲೆಕ್ಕದಲ್ಲಿ ಅತಿ ಚಿಕ್ಕ ಅಂತರ ಸುಮಾರು ಇಪ್ಪತ್ತೆರಡು ಪಾಲು. ಅಂದರೆ ಒಂದು ಶ್ರುತಿಯನ್ನು ದಾಟಿ ಹೋದ ಹಾಗಾಯಿತು. ಎಲ್ಲ ಕೊಳವೆಗಳೂ ಒಟ್ಟಿಗೆ ಏರಿದರೆ ಚಿಂತೆಯಿರಲಿಲ್ಲ. ಕಹಳೆಗಳ ಸ್ವರ ಮುಖ್ಯವಾಗಿ ಹಿತ್ತಾಳೆಯ ನಾಲಗೆಯನ್ನು ನೆಚ್ಚಿದ್ದು, ಅದು ಸೆಕೆಗೆ ಅಷ್ಟಾಗಿ ಅಲುಗುವುದಿಲ್ಲ. ಬಿದಿರು ಏರುತ್ತದೆ, ಕಹಳೆ ಇದ್ದಲ್ಲೇ ನಿಲ್ಲುತ್ತದೆ. ಕೇಳುವವರು ಕಹಳೆ ಇಳಿದಿದೆ ಎನ್ನುತ್ತಾರೆ, ತಪ್ಪು ಅದರದ್ದಲ್ಲ. ಆರ್ಗನ್ ಶ್ರುತಿ ಮಾಡುವವರು ಎಲ್ಲ ದೇಶಗಳಲ್ಲೂ ಅಲ್ಪಸಂಖ್ಯಾತ ಕಹಳೆಗಳನ್ನೇ ಸರಿಹೊಂದಿಸುತ್ತಾರೆ, ಅವುಗಳ ನಾಲಗೆಯ ಮೇಲಿನ ತಂತಿಯನ್ನು ತಟ್ಟಿ ಏರಿಸಿ ಇಳಿಸುವುದು ಸುಲಭ ಎನ್ನುವ ಕಾರಣಕ್ಕೆ.

ಬಿದಿರಿನಲ್ಲಿ ಆ ಸಲಿಗೆ ನಡೆಯುವುದಿಲ್ಲ. ತವರದ ಕೊಳವೆಯ ಮೇಲಿನ ಅಂಚನ್ನು ಶಂಕುವಿನಿಂದ ಕೊಂಚ ಅರಳಿಸಬಹುದು, ಮುದುಡಿಸಬಹುದು. ಲೋಹ ಮೆತ್ತಗೆ ಮಾತು ಕೇಳುತ್ತದೆ. ಬಿದಿರು ಬಾಗದು. ಗಿಡ್ಡ ಮಾಡಿದರೆ ಸ್ವರ ಏರುತ್ತದೆ, ಅಷ್ಟೇ. ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು. ತುಟಿಯ ಕೆಲಸ ಇನ್ನೂ ಸೂಕ್ಷ್ಮ. ಹಳೆಯ ಕೊಳವೆ ಸರಿಯಾಗಿ ನುಡಿಯದಿದ್ದರೆ ತುಟಿಯನ್ನು ಕೊಂಚ ಮೇಲಕ್ಕೆ ಕೆತ್ತಿ ಸುಲಭದಲ್ಲಿ ನುಡಿಸಬಹುದು, ಆದರೆ ಆ ಕ್ಷಣಕ್ಕೆ ಮೊದಲ ಕರ್ತೃವಿನ ದನಿ ಹೋಯಿತು. ಯೂರೋಪಿನ ಎಷ್ಟೋ ಹಳೆಯ ಆರ್ಗನ್‌ಗಳು ಹೀಗೆ 'ಸುಧಾರಣೆ'ಯ ಹೆಸರಿನಲ್ಲಿ ತಮ್ಮ ಕಂಠ ಕಳೆದುಕೊಂಡಿವೆ. ಪ್ರತಿ ತಲೆಮಾರೂ ತನ್ನ ಕಾಲದ ರುಚಿಗೆ ತಕ್ಕಂತೆ ಕೆತ್ತಿದೆ. ಲಾಸ್ ಪಿನ್ಯಾಸ್‌ನ ವಾದ್ಯಕ್ಕೆ ಅದರ ಬಡತನವೇ ರಕ್ಷೆಯಾಯಿತೇನೋ. ಅದನ್ನು ಸುಧಾರಿಸುವಷ್ಟು ದುಡ್ಡು 150 ವರ್ಷ ಯಾರ ಕೈಯಲ್ಲೂ ಇರಲಿಲ್ಲ!

1975ರ ಮಾರ್ಚ್‌ನಲ್ಲಿ ಆರ್ಗನ್ ಮನೆಗೆ ಮರಳಿತು. ಅಷ್ಟರಲ್ಲಿ ಚರ್ಚನ್ನೂ ಹಳೆಯ ರೂಪಕ್ಕೆ ತಂದಿದ್ದರು. ಆ ಕೆಲಸದಲ್ಲಿದ್ದ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಮನ್ಯೋಸಾ, ಬಿದಿರು ಮತ್ತು ತೆಂಗಿನ ಮರವನ್ನು ಆಧುನಿಕ ಕಟ್ಟಡಗಳಿಗೆ ಒಗ್ಗಿಸಿ ಮುಂದೆ ಹೆಸರಾದವರು. ಮೇ ತಿಂಗಳಲ್ಲಿ ಜರ್ಮನಿಯ ಟ್ರಿಯರ್ ಕೆಥೆಡ್ರಲ್‌ನ ಆರ್ಗನ್ ವಾದಕ ವೋಲ್ಫ್‌ಗಾಂಗ್ ಓಮ್ಸ್ ಮೊದಲ ಕಛೇರಿ ನುಡಿಸಿದರು. ಮರುವರ್ಷದಿಂದ ಪ್ರತಿ ಫೆಬ್ರವರಿಯಲ್ಲಿ ಬಿದಿರಿನ ಆರ್ಗನ್ ಉತ್ಸವ ನಡೆಯುತ್ತ ಬಂದಿದೆ. 2003ರಲ್ಲಿ ಫಿಲಿಪೀನ್ಸ್ ಸರ್ಕಾರ ವಾದ್ಯವನ್ನು ರಾಷ್ಟ್ರೀಯ ಸಾಂಸ್ಕೃತಿಕ ನಿಧಿ ಎಂದು ಘೋಷಿಸಿತು.

ಘೋಷಣೆಗಿಂತ ನನಗೆ ಹಿಡಿಸಿದ್ದು ಆ ಹೊತ್ತಿನಲ್ಲೇ ನಡೆದ ಇನ್ನೊಂದು ಸಂಗತಿ. 2003-04ರಲ್ಲಿ ಆರ್ಗನ್‌ಗೆ ಮತ್ತೆ ದೊಡ್ಡ ರಿಪೇರಿ ಬೇಕಾಯಿತು. ಈ ಸಲ ಬಾನ್‌ಗೆ ಕಳಿಸಲಿಲ್ಲ. ಸೀಲ್ವಿನ್ ಟಾಗ್ಲೆ ಎಂಬ ಅಲ್ಲಿನವರೇ ಯೂರೋಪಿಗೆ ಹೋಗಿ ಆರ್ಗನ್ ಕಟ್ಟುವ ವಿದ್ಯೆ ಕಲಿತು ಬಂದು ಕಾರ್ಖಾನೆ ತೆರೆದಿದ್ದರು, ಅದಕ್ಕೆ ದಿಯೆಗೊ ಸೆರಾನ ಹೆಸರನ್ನೇ ಇಟ್ಟಿದ್ದರು. ಕೆಲಸ ಅವರ ಕೈಯಲ್ಲಿ ಆಯಿತು. ಕೃತಕ ಸೆಕೆಯ ಕೋಣೆ ಬೇಕಾಗಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು. ಬೊಹೋಲ್ ದ್ವೀಪದ ಬಾಕ್ಲಯೋನ್ ಚರ್ಚಿನ ಹಳೆಯ ಆರ್ಗನ್ ಕೂಡ ಮುಂದೆ ಇದೇ ಕಾರ್ಖಾನೆಯಿಂದ ಜೀವ ಪಡೆಯಿತು. ಒಂದು ವಾದ್ಯದ ರಿಪೇರಿ ಒಂದು ಕಸುಬನ್ನೇ ನಾಡಿಗೆ ತಂದುಕೊಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಆರ್ಗನ್ ಕೇಳಹೊರಡುವವರು ಎಲ್ಲಿಂದ ಶುರುಮಾಡಬೇಕು? ಬಾಖ್‌ನಿಂದ ಬೇಡ. ಜರ್ಮನಿಯ ದೊಡ್ಡ ವಾದ್ಯಗಳಲ್ಲಿ ಕಾಲಿನಿಂದ ನುಡಿಸುವ ಮಂದ್ರದ ಮಣೆಗಳಿಗೆಂದು ಬರೆದ ಸಂಗೀತ ಇಲ್ಲಿ ಇಕ್ಕಟ್ಟಾಗುತ್ತದೆ. ಹಳೆಯ ಸ್ಪೇನಿನ ಸಂಗೀತವನ್ನು ಹುಡುಕಿ: 16ನೇ ಶತಮಾನದ ಕುರುಡ ವಾದಕ ಆಂತೋನಿಯೊ ದೆ ಕಾಬೆಸೋನ್, 17ರ ಕೊರೆಯಾ ದೆ ಅರೌಹೊ, ಹುವಾನ್ ಕಾಬಾನಿಲ್ಯೆಸ್. ಸ್ಪೇನಿನ ಪದ್ಧತಿಯಲ್ಲಿ ಸ್ಟಾಪ್‌ಗಳು ಕೀಲಿಮಣೆಯ ನಡುವಿಗೆ ಎರಡು ಹೋಳಾಗಿರುತ್ತವೆ. ಎಡಗೈಗೆ ಒಂದು ಬಣ್ಣ, ಬಲಗೈಗೆ ಇನ್ನೊಂದು. ಒಂದೇ ಕೀಲಿಮಣೆಯ ಮೇಲೆ ಎಡಗೈ ಬಿದಿರಿನ ಮೆಲುದನಿಯಲ್ಲಿ ಆಧಾರ ಹಿಡಿದಿರುವಾಗ ಬಲಗೈ ಕಹಳೆಯಲ್ಲಿ ಹಾಡಬಹುದು; ಆಮೇಲೆ ಅದಲುಬದಲಾಗಿ ಕಹಳೆ ಕೆಳಗೆ ಗದರಿ ಬಿದಿರು ಮೇಲೆ ಉಲಿಯಬಹುದು. ಅರೌಹೊ ಇಂಥ ಹೋಳು ಕೀಲಿಮಣೆಗೆಂದೇ ರಚನೆಗಳನ್ನು ಬರೆದಿದ್ದಾನೆ. ಅವನ್ನು ಈ ವಾದ್ಯದಲ್ಲಿ ಕೇಳುವಾಗ ಕೊಳವೆಗಳ ಏರುಪೇರು, ಉಸಿರಿನ ಸದ್ದು, ಎರಡು ಸ್ವಭಾವಗಳ ತಿಕ್ಕಾಟ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ.

ಕೊನೆಗೆ ಒಂದು ಬತಾಲ್ಯಾ ಕೇಳಿ, ಯುದ್ಧದ ಅಣಕವಾಡುವ ರಚನೆ. ಚರ್ಚಿನೊಳಗೆ ಯುದ್ಧ ಯಾಕೆ ಎಂದು ಕೇಳಬೇಡಿ; ಸ್ಪೇನಿನವರಿಗೆ ಅದೊಂದು ಹಬ್ಬದ ಚಟ. ಒಂದು ಕಡೆಯ ಸೇನೆ ಕಹಳೆ ಮೊಳಗಿಸುತ್ತದೆ, ಇನ್ನೊಂದು ಕಡೆ ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಿಂತಿರುಗಿಸುತ್ತದೆ, ನಗಾರಿಯ ಸ್ಟಾಪ್ ಎಳೆಯುತ್ತಾರೆ, ಗುಡುಗು. ಮೂರು ವರ್ಷ ಕಾದು ಕೂರಿಸಿದ ಆ ಲೋಹದ ಸಾಲು ಹೀಗೆ ಎದುರಿನವರ ಮುಖಕ್ಕೇ ಊದತೊಡಗಿದಾಗ ಸೌಂಡ್ ಕಡಿಮೆ ಮಾಡಲು ಕೈ ಹೋಗುತ್ತದೆ. ಹೋಗಗೊಡಬೇಡಿ, ಪಕ್ಕದ ಮನೆಯವರೂ ಒಂದಿಷ್ಟು ಕೇಳಲಿ.